ಇಬ್ಬರು ಕೂರುವ ಟ್ಯಾಂಕು

ಫೆಬ್ರವರಿ 3

ನಿನಗೆ,

ಕ್ಷೇಮ ಕೇಳುವ ಕಾಗದ ಇದಲ್ಲ. ಕೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಹೇಳಿಕೊಳ್ಳುವಂಥ ಕ್ಷೇಮ ನಮ್ಮ ಮನೆಯಲ್ಲೂ ಇಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ನೀನಿರುವ ಜೈಲಿನಿಂದ ಒಂದು ನಮೂನೆ ಬಂದಿದೆ. ನಾಲ್ಕು ವರ್ಷದಲ್ಲಿ ಎರಡು ಮುಗಿದಿದೆಯಂತೆ, ನಿನ್ನ ನಡತೆ ಚೆನ್ನಾಗಿದೆಯಂತೆ, ಬೇಗ ಬಿಡಬಹುದೇ ಎಂದು ಸತ್ತವನ ತಂದೆಯನ್ನು ಕೇಳಿದ್ದಾರೆ. ಆಕ್ಷೇಪಣೆ ಇದೆ, ಆಕ್ಷೇಪಣೆ ಇಲ್ಲ, ಎರಡು ಚೌಕ. ಜೂನ್ ಕೊನೆಯೊಳಗೆ ಒಂದಕ್ಕೆ ಗುರುತು ಹಾಕಿ ಕಳಿಸಬೇಕು. ಅವನ ಅಮ್ಮ, ನಿನ್ನ ಅತ್ತೆ, ಅದನ್ನು ಓದಿ, "ಇದೆ ಅಂತ ಹಾಕಿ, ಇದರಲ್ಲಿ ಯೋಚನೆ ಮಾಡೋದೇನಿದೆ?" ಅಂದು ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತಳು.

ನಾನು ಇನ್ನೂ ಹಾಕಿಲ್ಲ. ಕೋರ್ಟಿನಲ್ಲಿ ನೀನು ಹೇಳಿದ್ದು ಒಂದೇ ಮಾತು: ವ್ಯಾನ್ ಓಡಿಸುವಾಗ ನಿದ್ದೆ ಹತ್ತಿತು. ಮಧ್ಯಾಹ್ನ ಮೂರು ಗಂಟೆಗೆ, ಪಕ್ಕದಲ್ಲಿ ನನ್ನ ಮಗ ಕೂತಿದ್ದಾಗ. ನಿನ್ನನ್ನು ಐದು ವರ್ಷದವನಿದ್ದಾಗಿನಿಂದ ನೋಡಿದ್ದೇನೆ. ಹಗಲು ಹೊತ್ತು ನಿನ್ನನ್ನು ಮಲಗಿಸಲು ನಿಮ್ಮಮ್ಮನಿಂದಲೇ ಆಗಲಿಲ್ಲ. ಆ ದಿನ ಏನಾಯಿತು ಎಂದು ಸರಿಯಾಗಿ ಬರಿ. ಆಮೇಲೆ ಗುರುತು ಹಾಕುತ್ತೇನೆ.

ಇನ್ನೊಂದು ವಿಷಯ. ಅವನ ಕೋಣೆಯ ಕಂಪ್ಯೂಟರನ್ನು ಹೋದ ವಾರ ಚಾಲೂ ಮಾಡಿದೆ. ನೀವಿಬ್ಬರೂ ಆಡುತ್ತಿದ್ದ ಆ ಯುದ್ಧದ ಆಟ ಇನ್ನೂ ಇದೆ. ಅವನ ಹೆಸರಿನಲ್ಲೇ ತೆರೆದುಕೊಂಡಿತು. ಒಂದು ಪುಟ್ಟ ಟ್ಯಾಂಕು ನಿಂತಿದೆ, ಇಟಲಿಯದಂತೆ, ನೂರು ವರ್ಷ ಹಳೆಯದಂತೆ. ಉಳಿದವರ ಟ್ಯಾಂಕುಗಳ ಪಕ್ಕದಲ್ಲಿ ಸೀಮೆಎಣ್ಣೆ ಡಬ್ಬದ ಹಾಗೆ ಕಾಣುತ್ತದೆ. ಆಡಲು ಹೋದರೆ ಎರಡು ನಿಮಿಷಕ್ಕೆ ಸಾಯುತ್ತೇನೆ. ಎಡಗೈಯಲ್ಲಿ ಓಡಿಸಬೇಕು, ಬಲಗೈಯಲ್ಲಿ ಗುಂಡು ಹಾರಿಸಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ನೀವು ಹೇಗೆ ಆಡುತ್ತಿದ್ದಿರಿ, ಅದನ್ನೂ ಬರಿ.

ಅವನ ಅಪ್ಪ


ಫೆಬ್ರವರಿ 17

ಮಾಮನಿಗೆ,

ಹೊರಗಿನ ವಿಳಾಸ ನೋಡಿಯೇ ನಿಮ್ಮ ಅಕ್ಷರ ಅಂತ ಗುರುತು ಹಿಡಿದೆ. ಇಲ್ಲಿ ಬರುವ ಕಾಗದ, ಹೋಗುವ ಕಾಗದ ಎಲ್ಲವನ್ನೂ ಒಡೆದು ಓದುತ್ತಾರೆ. ಅದು ನಿಮಗೆ ಗೊತ್ತಿರಲಿ.

ಆಟದ ವಿಷಯ ಮೊದಲು ಬರೆಯುತ್ತೇನೆ, ಅದು ಸುಲಭ. ನೀವು ಒಬ್ಬರೇ ಆಡುತ್ತಿದ್ದೀರಿ, ಅದಕ್ಕೇ ಸಾಯುತ್ತಿದ್ದೀರಿ. ಬೇರೆಯವರೆಲ್ಲ ಒಬ್ಬೊಬ್ಬರೇ ಆಡುವುದು ನಿಜ. ಆದರೆ ಆ ಟ್ಯಾಂಕಿನಲ್ಲಿ ನಿಜವಾಗಿ ಇಬ್ಬರು ಕೂರುತ್ತಿದ್ದರಂತೆ, ಮುಂದೆ ಚಾಲಕ, ಹಿಂದೆ ಗೋಪುರದಲ್ಲಿ ಗುಂಡು ಹಾರಿಸುವವನು. ಇದನ್ನು ಕುಳ್ಳ ಎಲ್ಲೋ ಓದಿಕೊಂಡು ಬಂದ. (ಅವನನ್ನು ನಾನು ಕುಳ್ಳ ಅನ್ನುತ್ತಿದ್ದುದು ನಿಮಗೆ ಹಿಡಿಸುತ್ತಿರಲಿಲ್ಲ, ಕ್ಷಮಿಸಿ. ಬೇರೆ ಹೆಸರು ಕೈಗೆ ಬರುತ್ತಿಲ್ಲ.) ಒಳಗೆ ಎಂಜಿನ್ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲವಂತೆ. ಹಿಂದಿನವನು ಕಾಲಿನಿಂದ ಚಾಲಕನ ಬೆನ್ನಿಗೆ ತಟ್ಟಿ ಎಡಕ್ಕೆ, ಬಲಕ್ಕೆ ಅಂತ ತಿಳಿಸಬೇಕಿತ್ತು. "ನಾವೂ ಹಾಗೇ ಆಡೋಣ ಕಣೋ" ಅಂದ. ಕೀಬೋರ್ಡ್ ನನಗೆ, ಮೌಸ್ ಅವನಿಗೆ. ನಾನು ಕುರ್ಚಿಯಲ್ಲಿ, ಅವನು ಹಿಂದೆ ಅಡುಗೆಮನೆಯ ಎತ್ತರದ ಸ್ಟೂಲಿನಲ್ಲಿ. ಬಲಗೈ ಮೌಸಿನ ಮೇಲೆ, ಎಡಗೈ ನನ್ನ ಭುಜದ ಮೇಲೆ. ಒಂದು ತಟ್ಟಿದರೆ ಎಡ, ಎರಡು ತಟ್ಟಿದರೆ ಬಲ, ಅಂಗೈ ಒತ್ತಿದರೆ ನಿಲ್ಲು. ಆ ಟ್ಯಾಂಕಿಗೆ ಅಜ್ಜಿ ಅಂತ ಹೆಸರಿಟ್ಟಿದ್ದೆವು. ಎಷ್ಟು ಒದ್ದರೂ ಗಂಟೆಗೆ ಇಪ್ಪತ್ತು ಕಿಲೋಮೀಟರ್ ದಾಟುತ್ತಿರಲಿಲ್ಲ.

ಒಂದೊಂದು ಸಲ ಅವನ ಕೈ ಸುಮ್ಮನಾಗುತ್ತಿತ್ತು. "ಏನೋ ಕುಳ್ಳ, ಕರೆಂಟ್ ಹೋಯ್ತಾ?" ಅಂತ ರೇಗಿಸುತ್ತಿದ್ದೆ. ಯೋಚಿಸುತ್ತಿದ್ದಾನೆ ಅಂದುಕೊಳ್ಳುತ್ತಿದ್ದೆ. ಅಂಥ ಹೊತ್ತಿನಲ್ಲಿ ನಾನು ನೇರ ಓಡಿಸುತ್ತಲೇ ಇರುತ್ತಿದ್ದೆ, ಯಾಕೆಂದರೆ ಅಜ್ಜಿ ಒಂದು ಸಲ ನಿಂತರೆ ಯಾರಾದರೂ ಹೊಡೆದು ಹಾಕುತ್ತಿದ್ದರು.

ನೀವು ಕೇಳಿದ ಇನ್ನೊಂದು ಪ್ರಶ್ನೆಗೆ ಕೋರ್ಟಿನಲ್ಲಿ ಉತ್ತರ ಹೇಳಿದ್ದೇನೆ.

ನಿಮ್ಮ ಮಗನ ಗೆಳೆಯ


ಮಾರ್ಚ್ 9

ನಿನಗೆ,

ಕೋರ್ಟಿಗೆ ಹೇಳಿದ್ದು ಕೋರ್ಟಿಗಾಯಿತು. ನನಗೆ ಹೇಳಬೇಕಾದದ್ದು ಬಾಕಿ ಇದೆ.

ಬೆಳಗಿನ ಪಾಳಿ ಮುಗಿಸಿ ಬಂದು ದಿನಾ ಒಂದು ಗಂಟೆ ಆಡುತ್ತೇನೆ. ನಿನ್ನೆ ಆಟ ಶುರುವಾಗುವ ಮೊದಲು ಪರದೆಯ ಮೂಲೆಯಲ್ಲಿ ಯಾರೋ ಬರೆದರು: "ಅಯ್ಯೋ ಮಾರಾಯ, ಎಲ್ಲಿ ಹೋಗಿದ್ದೆ ಇಷ್ಟು ದಿನ? ಸತ್ತೇಹೋದೆ ಅಂದ್ಕೊಂಡಿದ್ವಿ!" ಅವರು ಯಾರೋ, ಯಾವ ಊರೋ. ಅವನ ಹೆಸರು ನೋಡಿ ಬರೆದಿದ್ದಾರೆ. ನಾನು "ಇದ್ದೀನಿ" ಅಂತ ಒತ್ತಿದೆ. ಅವರು ನಗುವ ಮುಖ ಕಳಿಸಿದರು. ಆಟ ಶುರುವಾಗುವ ಮೊದಲೇ ಕಂಪ್ಯೂಟರ್ ಆರಿಸಿಬಿಟ್ಟೆ.

ಇನ್ನೊಂದು ಹೇಳಿದರೆ ನಗಬೇಡ. ನಾನು ದೆವ್ವ ಪಿಶಾಚಿ ನಂಬುವವನಲ್ಲ. ಮೊನ್ನೆ ಆಡುತ್ತಿದ್ದಾಗ ಎಡಭುಜದ ಮೇಲೆ ಯಾರೋ ಎರಡು ಸಲ ತಟ್ಟಿದರು. ಯೋಚಿಸದೆ ಬಲಕ್ಕೆ ತಿರುಗಿಸಿದೆ. ನಾನಿದ್ದ ಜಾಗದಲ್ಲಿ ಗುಂಡು ಬಿದ್ದು ಮಣ್ಣು ಹಾರಿತು. "ಏನೇ?" ಅಂದೆ, ಅವಳು ಬಂದಳು ಅಂದುಕೊಂಡು. ಆಚೆ ಕೋಣೆಯಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಲೇ ಇತ್ತು. ಸ್ಟೂಲು ನನ್ನ ಹಿಂದೆಯೇ ಇದೆ, ನಾನೇ ತಂದಿಟ್ಟದ್ದು. ಯಾಕೆ ತಂದಿಟ್ಟೆ ಅಂತ ಕೇಳಬೇಡ.

ಆಡಿದ್ದೆಲ್ಲ ಕಂಪ್ಯೂಟರಿನಲ್ಲಿ ತಾನಾಗಿಯೇ ಉಳಿದುಕೊಂಡಿರುತ್ತದೆ ಎಂದು ಈಗ ತಿಳಿಯಿತು. ನಿಮ್ಮಿಬ್ಬರ ಆಟಗಳು ಮುನ್ನೂರಕ್ಕೂ ಹೆಚ್ಚು ಇವೆ. ಒಂದೊಂದಾಗಿ ನೋಡುತ್ತಿದ್ದೇನೆ. ಟ್ಯಾಂಕಿನ ಮೈ ನಿನ್ನ ಕೈ, ಗೋಪುರ ಅವನ ಕೈ. ಅವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುವುದು ಗೋಪುರ ತಿರುಗುವುದರಲ್ಲಿ ಕಾಣುತ್ತದೆ. ರಸ್ತೆ ದಾಟುವಾಗ ಹಾಗೇ ನೋಡುತ್ತಿದ್ದ.

ನಿಮಗಿಬ್ಬರಿಗೂ ಒಂದು ಪಾಠ ಹೇಳಿಕೊಟ್ಟಿದ್ದೆ, ನೆನಪಿದೆಯೇ? ಹನ್ನೆರಡು ವರ್ಷದವರಿದ್ದಾಗ ಬಂದರಿನ ಯಾರ್ಡಿಗೆ ಕರೆದುಕೊಂಡು ಹೋಗಿದ್ದೆ. ಕ್ರೇನಿನ ಮೇಲೆ ಕೂತವನಿಗೆ ಕೆಳಗಿನ ಸರಕು ಕಾಣುವುದಿಲ್ಲ, ನನ್ನ ಕೈಸನ್ನೆಯೇ ಅವನ ಕಣ್ಣು ಅಂತ ತೋರಿಸಿದ್ದೆ. ಸನ್ನೆ ನಿಂತರೆ ಕ್ರೇನ್ ನಿಲ್ಲಬೇಕು. ಸನ್ನೆ ಕೊಡುವವನು ಎಡವಿರಬಹುದು, ಬಿದ್ದಿರಬಹುದು. ಯಾಕೆ ಅಂತ ಆಮೇಲೆ ನೋಡಿಕೊಳ್ಳಬಹುದು, ಮೊದಲು ನಿಲ್ಲಿಸಬೇಕು. ನೀವು ಅದನ್ನು ತಲೆಕೆಳಗು ಮಾಡಿಕೊಂಡಿರಿ, ಸನ್ನೆ ನಿಂತರೂ ಓಡಿಸುತ್ತಲೇ ಇದ್ದಿರಿ. ಆಟದಲ್ಲಿ ಸರಿ. ಬೇರೆಲ್ಲಾದರೂ ಮಾಡಿದಿರಾ?

ಅವನ ಅಪ್ಪ


ಏಪ್ರಿಲ್ 2

ಮಾಮನಿಗೆ,

ಮೂರು ವಾರ ಈ ಹಾಳೆ ದಿಂಬಿನ ಕೆಳಗಿತ್ತು. ನೀವು ಕೊನೆಯಲ್ಲಿ ಕೇಳಿದ್ದೀರಲ್ಲ, ಹೌದು, ಮಾಡಿದೆವು.

ಇದನ್ನು ಇಲ್ಲಿಯವರೂ ಓದುತ್ತಾರೆ. ನಿದ್ದೆ ಹತ್ತಿತು ಅಂದರೆ ತಪ್ಪು, ಬೇಕೆಂದೇ ಕಣ್ಣು ಮುಚ್ಚಿದೆ ಅಂದರೆ ದೊಡ್ಡ ತಪ್ಪು. ಉಳಿದ ಎರಡು ವರ್ಷ ನಾಲ್ಕಾಗಬಹುದು, ಅದಕ್ಕಿಂತ ಹೆಚ್ಚೂ ಆಗಬಹುದು. ಆಗಲಿ. ಬಾಯಿ ಮುಚ್ಚಿಕೊಂಡು ಸಾಕಾಗಿದೆ.

ಆ ಟ್ಯಾಂಕಿನ ಚಾಲಕನಿಗೆ ಒಂದು ಸಣ್ಣ ಕಿಂಡಿಯಿಂದ ಕಂಡಷ್ಟೇ ಹೊರಗಿನದು ಕಾಣುತ್ತಿತ್ತಂತೆ. ಹಾಗಾಗಿ ನಾನು ಆಡುವಾಗ ಕಣ್ಣಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದೆ. ಪರದೆ ನೋಡುತ್ತಲೇ ಇರಲಿಲ್ಲ, ಬರೀ ಅವನ ಬೆರಳು. ನಿಮಗೆ ಹುಚ್ಚು ಅನ್ನಿಸಬಹುದು. ನಮಗೆ ಅದರಷ್ಟು ಖುಷಿ ಇನ್ನೊಂದರಲ್ಲಿ ಇರಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಗುತ್ತಿದ್ದೆವು. ಆಮೇಲೆ ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ, ರಜೆಯ ದಿನ, ನಾನು ಕೆಲಸಕ್ಕೆ ಓಡಿಸುತ್ತಿದ್ದ ಲಾಂಡ್ರಿ ವ್ಯಾನಿನಲ್ಲೂ ಅದನ್ನೇ ಶುರು ಮಾಡಿದೆವು. ನಾನು ಕಣ್ಣು ಮುಚ್ಚಿ ಸ್ಟೀರಿಂಗ್ ಹಿಡಿಯುವುದು, ಅವನು ಪಕ್ಕದ ಸೀಟಿನಿಂದ ಭುಜ ತಟ್ಟುವುದು. ಅಜ್ಜಿಯ ವೇಗ, ಇಪ್ಪತ್ತು ಕಿಲೋಮೀಟರ್, ಅಷ್ಟೇ. ಆರು ಸಲ ಮಾಡಿದ್ದೆವು. ಏನೂ ಆಗಿರಲಿಲ್ಲ.

ಆ ದಿನ ಬೆಳಗ್ಗೆ ಜಗಳವಾಗಿತ್ತು. ದೂರದ ಊರಲ್ಲಿ ಲಾರಿ ಓಡಿಸುವ ಕೆಲಸ ಸಿಕ್ಕಿದೆ, ಮುಂದಿನ ವಾರ ಹೊರಡುತ್ತೇನೆ ಅಂದೆ. "ನೀನು ಹೋದ್ರೆ ಅಜ್ಜೀನ ಯಾರೋ ಓಡಿಸ್ತಾರೆ?" ಅಂದ. "ಬೇರೆ ಡ್ರೈವರ್ ಹುಡುಕ್ಕೋ" ಅಂದೆ. ತಮಾಷೆಗೆ ಅಂದದ್ದು. ಅವನ ಮುಖ ಸಪ್ಪಗಾಯಿತು. "ನಂಗೆ ಲೈಸೆನ್ಸೂ ಇಲ್ಲ, ಊರು ಬಿಡೋ ಹಾಗೂ ಇಲ್ಲ, ನಿಂಗೆ ಎಲ್ಲಾ ಸಲೀಸು" ಅಂದ. ಯಾಕೆ ಹಾಗಂದ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಮಧ್ಯಾಹ್ನದವರೆಗೆ ಮಾತಿಲ್ಲ. ಆ ರಸ್ತೆಗೆ ಬಂದಾಗ ಅವನೇ, "ಕಣ್ಣು ಮುಚ್ಚು, ಕೊನೇ ಸಲ" ಅಂದ. ಮುಚ್ಚಿದೆ. ನನಗೂ ಸಿಟ್ಟಿತ್ತು, ಕಾಲು ಒತ್ತಿದೆ. ನಲವತ್ತರಲ್ಲಿದ್ದೆ. ಆ ತಪ್ಪು ನನ್ನದೇ.

ಒಂದು ತಟ್ಟಿದ, ಎಡಕ್ಕೆ ಹೋದೆ. ಎರಡು ತಟ್ಟಿದ, ಬಲಕ್ಕೆ ತಂದೆ. ಆಮೇಲೆ ಏನೂ ಇಲ್ಲ. ಬೆರಳು ನನ್ನ ಭುಜದ ಮೇಲೇ ಇತ್ತು, ಅಲ್ಲಾಡಲಿಲ್ಲ. ನಮ್ಮ ಲೆಕ್ಕದಲ್ಲಿ ಸುಮ್ಮನಿದ್ದರೆ ನೇರ ಹೋಗು ಅಂತ. ಹೋದೆ. ನಿಂತಿದ್ದ ಟ್ರೇಲರಿನಿಂದ ಪೈಪುಗಳು ಹಿಂದಕ್ಕೆ ಚಾಚಿಕೊಂಡಿದ್ದವು. ಅವನ ಕಡೆಗೆ.

ಮಾಮ, ಅವನು ಬೇಕಂತಲೇ ತಟ್ಟಲಿಲ್ಲವೇ? ಟ್ರೇಲರ್ ಅವನಿಗೆ ಕಾಣುತ್ತಿತ್ತು. ಹಾಡಹಗಲು. ಕೊನೇ ಸಲ ಅಂದಿದ್ದ. ಈ ಮಾತು ಪೊಲೀಸರಿಗೆ ಹೇಳಿದ್ದರೆ, ಹುಡುಗ ತಾನಾಗಿ ಸತ್ತ ಅಂತ ಬರೆದುಕೊಳ್ಳುತ್ತಿದ್ದರು, ಅತ್ತೆ ಅದನ್ನು ಓದುತ್ತಿದ್ದರು. ಅದಕ್ಕೇ ನಿದ್ದೆ ಅಂದೆ. ಇಲ್ಲಿ ಸಾಲಿನಲ್ಲಿ ನಡೆಯುವಾಗ ಈಗಲೂ ಎಡಭುಜ ಕಾಯುತ್ತಿರುತ್ತದೆ. ಯಾರಾದರೂ ಅಕಸ್ಮಾತ್ ತಾಗಿದರೆ ಕಾಲು ತಾನಾಗಿ ತಿರುಗುತ್ತದೆ. ನನಗೆ ಬಿಡುಗಡೆ ಬೇಕಿಲ್ಲ. ಅವನು ಬೇಕಂತ ಸುಮ್ಮನಾದನೋ ಇಲ್ಲವೋ, ಅದೊಂದು ಗೊತ್ತಾಗಬೇಕು. ಅವನು ನಿಮ್ಮ ಮಗ. ನಿಮಗೇನಾದರೂ ತಿಳಿದಿದ್ದರೆ ಹೇಳಿ.

ನಿಮ್ಮ ಮಗನ ಗೆಳೆಯ


ಮೇ 1

ನಿನಗೆ,

ಕಾಗದ ತಲುಪಿತು.

ಇಲ್ಲಿ ಸೆಕೆ ಜಾಸ್ತಿ. ಯಾರ್ಡಿನಲ್ಲಿ ಎರಡು ಹಡಗು ಒಟ್ಟಿಗೆ ಬಂದು ಕೆಲಸ ಮೈಮೇಲೆ ಬಿದ್ದಿದೆ. ಆಟದಲ್ಲಿ ಸೇತುವೆ ಇರುವ ಜಾಗ ಬಂದರೆ ನೀವು ಕೆಳಗಿನಿಂದ ಹೋಗುತ್ತಿದ್ದಿರಾ, ಮೇಲಿನಿಂದಲಾ? ಕೆಳಗೆ ಹೋದರೆ ಅಜ್ಜಿ ಕೆಸರಿನಲ್ಲಿ ಸಿಕ್ಕಿಬೀಳುತ್ತಾಳೆ.

ನಮೂನೆ ಇನ್ನೂ ಮೇಜಿನ ಮೇಲಿದೆ.

ಅವನ ಅಪ್ಪ


ಮೇ 16

ಮಾಮ,

ಸೇತುವೆಯ ಮೇಲಿನಿಂದ.

ನಾನು ಎದೆ ಬಗೆದು ಬರೆದೆ. ನೀವು ಸೆಕೆಯ ವಿಷಯ ಬರೆದಿರಿ. ಅಡ್ಡಗೋಡೆಯ ಮೇಲೆ ದೀಪ ಇಡುವವರಲ್ಲ ನೀವು. ಕೈ ಎತ್ತಿದರೆ ಕ್ರೇನ್ ನಿಲ್ಲಬೇಕು, ಇಳಿಸಿದರೆ ಇಳಿಯಬೇಕು, ಅಷ್ಟು ನೇರ ಮನುಷ್ಯ. ಏನಾಯಿತು ನಿಮಗೆ?

ನನ್ನ ಕಾಗದ ಓದಿದ ಮೇಲೆ ಇಲ್ಲಿಯ ಅಧಿಕಾರಿ ಕರೆಸಿದರು. "ಇಷ್ಟು ದಿನ ಸುಮ್ಮನಿದ್ದು ಈಗ ಯಾಕಯ್ಯ ನಿನ್ನ ಗುಂಡಿ ನೀನೇ ತೋಡ್ಕೊಳ್ತೀಯ?" ಅಂದರು. ಬಿಡುಗಡೆಯ ಕಡತ ಪಕ್ಕಕ್ಕಿಟ್ಟಿದ್ದಾರೆ. ಹೊಸದಾಗಿ ವಿಚಾರಣೆ ಆಗಬಹುದಂತೆ, ನೀವು ಏನು ಬರೆದು ಕಳಿಸುತ್ತೀರೋ ಅದನ್ನು ನೋಡಿಕೊಂಡು ತೀರ್ಮಾನವಂತೆ.

ಬೈಯುವುದಿದ್ದರೆ ಬೈಯಿರಿ. "ನನ್ನ ಮಗನನ್ನು ಕೊಂದೆ" ಅನ್ನಿ. ಅತ್ತೆಯ ಹತ್ತಿರ ಶಾಪ ಹಾಕಿಸಿ ಬರೆಸಿ. ಸುಮ್ಮನೆ ಮಾತ್ರ ಇರಬೇಡಿ. ಸುಮ್ಮನಿರುವುದನ್ನು ನಾನು ಒಂದು ಸಲ ಅನುಭವಿಸಿದ್ದೇನೆ.

ನಿಮ್ಮ ಮಗನ ಗೆಳೆಯ


ಜೂನ್ 20

ಮಗಾ,

ನಿನ್ನನ್ನು ಹೀಗೆ ಕರೆಯುವ ಯೋಗ್ಯತೆ ಈ ಕಾಗದ ಮುಗಿಯುವ ಹೊತ್ತಿಗೆ ನನಗಿರುವುದಿಲ್ಲ. ಅದಕ್ಕೇ ಮೊದಲೇ ಕರೆದುಬಿಟ್ಟೆ.

ಅವನು ಬೇಕಂತ ಸುಮ್ಮನಾಗಲಿಲ್ಲ. ಅವನಿಗೆ ಒಂದು ಕಾಯಿಲೆ ಇತ್ತು. ಒಂಬತ್ತನೇ ವಯಸ್ಸಿನಲ್ಲಿ ಶುರುವಾದದ್ದು. ಕಣ್ಣು ತೆರೆದೇ ಇರುತ್ತಿತ್ತು, ಕೂತಲ್ಲೇ ಕೂತಿರುತ್ತಿದ್ದ, ಆದರೆ ಅವನು ಅಲ್ಲಿರುತ್ತಿರಲಿಲ್ಲ. ಏಳೆಂಟು ಸೆಕೆಂಡು. ಆಮೇಲೆ ಏನೂ ಆಗದ ಹಾಗೆ ಮಾತು ಮುಂದುವರಿಸುತ್ತಿದ್ದ, ಆ ಏಳೆಂಟು ಸೆಕೆಂಡು ಹೋದದ್ದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಮಾತ್ರೆ ಬರೆದರು, ವಾಹನ ಓಡಿಸಬಾರದು, ಎತ್ತರ ಹತ್ತಬಾರದು ಅಂದರು. ನಾನು ಅವನ ಕೈಯಲ್ಲಿ ಆಣೆ ಮಾಡಿಸಿಕೊಂಡೆ, ಯಾರಿಗೂ ಹೇಳಕೂಡದು ಅಂತ. ನಿನಗೂ ಹೇಳಕೂಡದು ಅಂತ ನಿನ್ನ ಹೆಸರು ಹಿಡಿದೇ ಹೇಳಿದ್ದೆ, ಯಾಕೆಂದರೆ ಅವನು ಎಲ್ಲವನ್ನೂ ನಿನಗೆ ಹೇಳುತ್ತಿದ್ದ. ಮೂರ್ಛೆ ರೋಗದವನು ಅಂತ ಶಾಲೆಯಲ್ಲಿ ಆಡಿಕೊಳ್ಳುತ್ತಾರೆ, ನಾಳೆ ಕೆಲಸ ಸಿಗುವುದಿಲ್ಲ, ಹೆಣ್ಣು ಸಿಗುವುದಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ದೊಡ್ಡವನಾದ ಮೇಲೆ ಎರಡು ವರ್ಷ ಒಂದೂ ಬರಲಿಲ್ಲ. ಗೋದಾಮಿನಲ್ಲಿ ಚೀಟಿ ಅಂಟಿಸುವ ಕೆಲಸಕ್ಕೆ ವೈದ್ಯಕೀಯ ತಪಾಸಣೆ ಇತ್ತು. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬರೆಯಬೇಕಿತ್ತು. "ಬಿಟ್ಬಿಡೋ, ವಾಸಿಯಾಗಿದೆ" ಅಂದೆ. ಬಿಟ್ಟ. ನಿನ್ನ ಅತ್ತೆಗೆ ಹೇಳಬೇಡ ಅಂದೆ. ಹೇಳಲಿಲ್ಲ. ಅಪ್ಪನ ಮಾತು ಮೀರದ ಹುಡುಗ.

ನಿನ್ನ ಫೆಬ್ರವರಿಯ ಕಾಗದದಲ್ಲಿ "ಕರೆಂಟ್ ಹೋಯ್ತಾ" ಅಂತ ಓದಿದಾಗಲೇ ನನಗೆ ತಿಳಿದುಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕಂಪ್ಯೂಟರಿನ ಆಟಗಳನ್ನು ಹುಡುಕಿಕೊಂಡು ಹೋದೆ. ಮಾತ್ರೆ ಬಿಡಿಸಿದ ದಿನದಿಂದ ಈಚೆಗೆ ನೋಡಿದೆ. ಗೋಪುರ ತಿರುಗುತ್ತಾ ಇರುತ್ತದೆ, ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಎದುರಿಗೆ ಶತ್ರು ಬಂದು ಹೊಡೆಯುತ್ತಿದ್ದರೂ ಅಲ್ಲಾಡುವುದಿಲ್ಲ. ಅಜ್ಜಿ ಮಾತ್ರ ನೇರ ಹೋಗುತ್ತಲೇ ಇರುತ್ತಾಳೆ. ಗಡಿಯಾರ ಹಿಡಿದು ಎಣಿಸಿದೆ. ಏಳು. ಎಂಟು. ಮತ್ತೆ ಎಂಟು. ಆಮೇಲೆ ಗೋಪುರಕ್ಕೆ ಜೀವ ಬರುತ್ತದೆ. ಇಂಥ ಹತ್ತೊಂಬತ್ತು ಸಿಕ್ಕಿದವು. ಹತ್ತೊಂಬತ್ತು ಸಲ ಅವನು ಹೋಗಿದ್ದಾನೆ, ಹತ್ತೊಂಬತ್ತು ಸಲವೂ ನೀನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅವನನ್ನು ಹೊತ್ತು ನಡೆಸಿದ್ದೀಯ, ನಿನಗೇ ತಿಳಿಯದೆ. ಈಗ ಆ ಕೋಣೆಗೆ ಹೋಗಲು ನನಗೆ ಭಯ. ಪರದೆ ಆರಿಸಿದರೂ ಆ ಗೋಪುರ ನಿಂತೇ ಇರುತ್ತದೆ, ನನ್ನ ಕಡೆ ಮುಖ ಮಾಡಿ.

ಅಪಘಾತದ ಮರುದಿನ ಪೊಲೀಸರು ಕೇಳಿದ್ದರು, ಮಗನ ಆರೋಗ್ಯ ಹೇಗಿತ್ತು ಅಂತ. "ಕಲ್ಲುಗುಂಡಿನ ಹಾಗಿದ್ದ" ಅಂದೆ, ಸಹಿ ಹಾಕಿದೆ. ನೀನು ನಿದ್ದೆ ಅಂದಾಗ ದುಃಖದ ಜೊತೆಗೆ ಒಂದು ಸಮಾಧಾನ ಆಯಿತು. ಅದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ. ಎರಡು ವರ್ಷ ಅವಳು ನಿನ್ನನ್ನು ಶಪಿಸುವಾಗ ಎದುರಿಗೆ ಕೂತು ಕೇಳಿಸಿಕೊಂಡೆ.

ನಿನ್ನೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. "ಮಾತ್ರೆ ಯಾವಾಗ ನಿಲ್ಲಿಸಿದ್ದು?" ಅಂತ ಒಂದೇ ಮಾತು ಕೇಳಿದಳು. ತಿಂಗಳು ಹೇಳಿದೆ. ಎದ್ದು ಹೋಗಿ ಅವನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಳು. ಇವತ್ತು ಬೆಳಗ್ಗೆ ತಿಂಡಿ ಮಾಡಿ ಒಂದೇ ತಟ್ಟೆ ಇಟ್ಟುಕೊಂಡಳು.

ನಮೂನೆಯಲ್ಲಿ ಆಕ್ಷೇಪಣೆ ಇಲ್ಲ ಅಂತ ಗುರುತು ಹಾಕಿದ್ದೇನೆ. ಜೊತೆಗೆ ನಾಲ್ಕು ಪುಟ ಬರೆದು, ಡಾಕ್ಟರ ಹಳೆಯ ಚೀಟಿಗಳನ್ನೂ ಇಟ್ಟು ಕಳಿಸಿದ್ದೇನೆ. ಪೊಲೀಸರಿಗೆ ಹೇಳಿದ್ದು ಸುಳ್ಳು ಅಂತಲೂ ಬರೆದಿದ್ದೇನೆ. ಯಾರ್ಡಿನಲ್ಲೂ ಹೇಳಿದೆ. ಸನ್ನೆಯ ಕೆಲಸದಿಂದ ತೆಗೆದು ಗೇಟಿನಲ್ಲಿ ಕೂರಿಸಿದ್ದಾರೆ. ಸರಿಯಾಗಿಯೇ ಮಾಡಿದ್ದಾರೆ.

ಬಿಟ್ಟರೆ ಮನೆಗೆ ಬಾ. ಕ್ಷಮಿಸು ಅಂತ ಬರೆಯಲು ಕೈ ಬರುತ್ತಿಲ್ಲ.

ಮಾಮ


ಜುಲೈ 11

ಮಾಮ,

ನಿಮ್ಮ ಕಾಗದ ಬಂದ ದಿನ ಇಲ್ಲಿ ನಾನು ಕೆಲಸ ಮಾಡುವ ಇಸ್ತ್ರಿ ಕೋಣೆಯಲ್ಲಿ ಬಟ್ಟೆಯ ರಾಶಿಗೆ ಮುಖ ಒತ್ತಿ ಅತ್ತುಬಿಟ್ಟೆ. ಅವನು ಬೇಕಂತ ಮಾಡಲಿಲ್ಲ. ಕೊನೇ ಸಲ ಅಂದದ್ದು ನಾನು ಊರು ಬಿಡುತ್ತೇನೆ ಅಂತ, ಅಷ್ಟೇ. ನನ್ನ ಮೇಲೆ ಸಿಟ್ಟಿಟ್ಟುಕೊಂಡು ಸಾಯಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಬೆಳಗಿನವರೆಗೂ ನಿದ್ದೆ ಮಾಡಿದೆ. ಈ ಉಪಕಾರ ನಿಮ್ಮದು, ಮರೆಯುವುದಿಲ್ಲ.

ಮರುದಿನ ಎದ್ದಾಗ ಬೇರೆಯೇ ಆಗಿತ್ತು. ನಿಮ್ಮ ಕಾಗದಗಳನ್ನೆಲ್ಲ ತೆಗೆದು ಸಾಲಾಗಿ ಇಟ್ಟೆ. ಫೆಬ್ರವರಿಯಲ್ಲೇ ನಿಮಗೆ ತಿಳಿಯಿತು. ಮಾರ್ಚಿನಲ್ಲಿ ಮುನ್ನೂರು ಆಟ ನೋಡುತ್ತಿದ್ದೇನೆ ಅಂತ ಬರೆದಿರಿ, ಯಾಕೆ ನೋಡುತ್ತಿದ್ದೀರಿ ಅಂತ ಬರೆಯಲಿಲ್ಲ. ಏಪ್ರಿಲ್‌ನಲ್ಲಿ ನಾನು ಕಾಲು ಹಿಡಿದ ಹಾಗೆ ಕೇಳಿದೆ, ಅವನು ಬೇಕಂತ ಸತ್ತನೇ ಅಂತ. ಉತ್ತರ ನಿಮ್ಮ ಕೈಯಲ್ಲಿತ್ತು. ನೀವು ಸೇತುವೆಯ ವಿಷಯ ಕೇಳಿದಿರಿ. ಆ ಎರಡೂವರೆ ತಿಂಗಳು ನಾನು ಇಲ್ಲಿ ಹೇಗಿದ್ದೆ ಅನ್ನುವುದನ್ನು ಬರೆದರೆ ಅಧಿಕಾರಿಗಳೇ ಕಾಗದ ತಡೆದುಬಿಡುತ್ತಾರೆ.

ನನಗೆ ಹೊಟ್ಟೆ ಉರಿಯುವುದು ಅದಕ್ಕೂ ಅಲ್ಲ. ಹನ್ನೆರಡು ವರ್ಷದವನಿದ್ದಾಗ ನನ್ನನ್ನು ಪಕ್ಕಕ್ಕೆ ಕರೆದು, "ಇವನಿಗೆ ಹೀಗಾಗುತ್ತೆ, ನೋಡ್ಕೋ" ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಆಡಿಕೊಳ್ಳುತ್ತಿದ್ದೆನೇ? ನಾನು? ಆ ಹತ್ತೊಂಬತ್ತು ಸಲವೂ ಕಣ್ಣು ತೆರೆದುಕೊಂಡು ಕೂತು, ಅವನು ವಾಪಸ್ ಬರುವವರೆಗೆ ಕಾಯುತ್ತಿದ್ದೆ. ವ್ಯಾನಿನಲ್ಲಿ ಆ ಆಟ ಹುಟ್ಟುತ್ತಲೇ ಇರಲಿಲ್ಲ. ನಾನು ನಲವತ್ತರಲ್ಲಿ ಓಡಿಸಿದ ತಪ್ಪು ನನ್ನದು, ಅದನ್ನು ಸಾಯುವವರೆಗೂ ಹೊರುತ್ತೇನೆ. ಆದರೆ ನಿಮ್ಮ ಪಾಲನ್ನೂ ಎರಡು ವರ್ಷ ನನ್ನ ತಲೆಯ ಮೇಲೇ ಇಟ್ಟಿದ್ದಿರಿ.

ಅತ್ತೆ ನನಗೆ ಒಂದು ಸಾಲು ಬರೆದಿದ್ದಾರೆ. ನಿಮಗೆ ಹೇಳಿದ್ದಾರೋ ಇಲ್ಲವೋ. "ಬಂದಾಗ ಊಟ ಮಾಡಿಕೊಂಡು ಹೋಗು" ಅಂತ, ಅಷ್ಟೇ. ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಹೊಸ ವಿಚಾರಣೆ ಬೇಡ ಅಂತ ತೀರ್ಮಾನವಾಯಿತು. ಆಗಸ್ಟ್ ನಾಲ್ಕಕ್ಕೆ ಬಿಡುತ್ತಾರೆ. ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನಿಮ್ಮನ್ನು ನೋಡಿದರೆ ಏನಾಗುತ್ತದೆ ಅಂತ ನನಗೇ ಗೊತ್ತಿಲ್ಲ. ಅಪ್ಪನಿಲ್ಲದ ನನಗೆ ನೀವೇ ಅಪ್ಪ ಅಂತ ಬೆಳೆದವನು ನಾನು, ಆ ಅಭ್ಯಾಸ ಇನ್ನೂ ಹೋಗಿಲ್ಲ, ಅದೇ ಕಷ್ಟ.

ನಾನು ಕದ ತಟ್ಟಿದಾಗ ನೀವು ಏಳಬೇಡಿ ಮಾಮ. ಅತ್ತೆ ಬಂದು ತೆಗೆಯಲಿ.

ಕುಳ್ಳನ ಡ್ರೈವರ್